ಸಣ್ಣ ಕೆಫೆ, ತಿಂಡಿ ಗಾಡಿಗಳ ಲೆಕ್ಕಾಚಾರ: ಎದುರಿಗೆ ನಿಂತು ನೋಡಿದರೆ ಎಷ್ಟು ತಿಳಿಯುತ್ತದೆ? (ಒಂದು ಚರ್ಚೆ; ಪ್ರತಿ ಬರಹದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು)

ಗಲ್ಲಾಪೆಟ್ಟಿಗೆ

ಸಣ್ಣ ಕೆಫೆಯನ್ನೋ ತಿಂಡಿ ಗಾಡಿಯನ್ನೋ ಆರಂಭಿಸುವ ಆಲೋಚನೆಯಲ್ಲಿರುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು, ಒಂದು ಲೋಟದ ಮೇಲೆ ಅಥವಾ ಒಂದು ತಟ್ಟೆಯ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು. ಕೇಳಲೇಬೇಕಾದ ಪ್ರಶ್ನೆಯೇ ಸರಿ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ, ಮತ್ತು ಅದರ ಉತ್ತರವನ್ನು ಯಾವ ಮಾಲೀಕರನ್ನೂ ಕಾಡದೆ, ಅಂಗಡಿಯ ಎದುರಿಗೆ ಸುಮ್ಮನೆ ನಿಂತು ಪಡೆಯಬಹುದು. ಜನ ಮುಗಿಬೀಳುವ ಹೊತ್ತಿನಲ್ಲಿ ಈ ಅಂಗಡಿ ಒಂದು ಗಂಟೆಗೆ ಎಷ್ಟು ಮಂದಿಗೆ ಕೇಳಿದ್ದನ್ನು ಕೊಟ್ಟು ಕಳಿಸಬಲ್ಲದು ಎಂಬುದೇ ಆ ಪ್ರಶ್ನೆ.

ಸಣ್ಣ ಅಂಗಡಿಯ ವ್ಯಾಪಾರ ದಿನವಿಡೀ ಸಮನಾಗಿ ಹರಡಿಕೊಂಡಿರುವುದಿಲ್ಲ. ಕೆಲಸಕ್ಕೆ ಹೊರಡುವ ಹೊತ್ತು, ಮಧ್ಯಾಹ್ನದ ಬಿಡುವು, ಸಂಜೆ ಮರಳುವ ಹೊತ್ತು, ಹೀಗೆ ಎರಡು ಮೂರು ತುಣುಕುಗಳಲ್ಲಿ ಬಹುಪಾಲು ಗಿರಾಕಿಗಳು ಒಟ್ಟೊಟ್ಟಿಗೆ ಬರುತ್ತಾರೆ. ಬಾಡಿಗೆಯನ್ನೂ ಸಂಬಳವನ್ನೂ ನಾವು ಇಡೀ ದಿನಕ್ಕೆ ಕೊಡುತ್ತೇವೆ, ಅದನ್ನು ದುಡಿಯುವುದು ಮಾತ್ರ ಆ ಕೆಲವೇ ಗಂಟೆಗಳಲ್ಲಿ. ಹಾಗಾಗಿ ಅಂಗಡಿ ಎಷ್ಟು ದೊಡ್ಡದು ಎಂಬುದನ್ನು ಚದರಡಿಯಿಂದ ಅಳೆಯುವುದಕ್ಕಿಂತ, ಆ ಗಂಟೆಗಳಲ್ಲಿ ಅದರ ಅತ್ಯಂತ ನಿಧಾನವಾದ ಹಂತ ಎಷ್ಟು ಬೇಗ ಸಾಗುತ್ತದೆ ಎಂಬುದರಿಂದ ಅಳೆಯುವುದು ಹೆಚ್ಚು ಸರಿ ಎಂದು ನಾನು ಭಾವಿಸುತ್ತೇನೆ.

ಬಿಸಿನೀರನ್ನು ಒತ್ತಡದಿಂದ ಕಾಫಿಪುಡಿಯ ಮೂಲಕ ಹಾಯಿಸುವ ಎಸ್‌ಪ್ರೆಸೊ ಯಂತ್ರವಿರುವ ಕೆಫೆಯನ್ನೇ ತೆಗೆದುಕೊಳ್ಳಿ. ಸುಮಾರು 9 ಬಾರ್ ಒತ್ತಡದಲ್ಲಿ ಒಂದು ಬಾರಿ ಕಾಫಿ ಇಳಿಯಲು 25ರಿಂದ 30 ಸೆಕೆಂಡು ಬೇಕು. ಅದಕ್ಕೆ ಮುನ್ನ ಬೀಜವನ್ನು ಪುಡಿಮಾಡಿ, ಯಂತ್ರದ ಪುಟ್ಟ ಜಾಲರಿ ಬುಟ್ಟಿಗೆ ತುಂಬಿ, ಒತ್ತಬೇಕು. ಹಾಲನ್ನು 60-65 ಡಿಗ್ರಿಗೆ ಕಾಯಿಸುವ ಕೆಲಸವನ್ನು ಕಾಫಿ ಇಳಿಯುತ್ತಿರುವಾಗಲೇ ಮಾಡಿಕೊಳ್ಳಬಹುದು. ಪಳಗಿದ ಕೈ ಇದೆಲ್ಲವನ್ನೂ ಜೋಡಿಸಿಕೊಂಡು 45 ಸೆಕೆಂಡಿಗೆ ಒಂದು ಲೋಟ ಕೊಡುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 80 ಲೋಟ ಆ ಅಂಗಡಿಯ ಮಿತಿ. ಎಂಬತ್ತೊಂದನೆಯವನು ಎಷ್ಟೇ ಹಣ ಹಿಡಿದು ನಿಂತಿದ್ದರೂ ಅದು ಗಲ್ಲಾಕ್ಕೆ ಬೀಳುವುದಿಲ್ಲ.

ಆ ಮಿತಿಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ ತೊಂದರೆ ಶುರುವಾಗುತ್ತದೆ ಎಂಬುದನ್ನು ಹೊಸಬರು ಊಹಿಸಿರುವುದಿಲ್ಲ. ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಬಗ್ಗೆ ಪ್ರಕಟಿಸಿದ ಬರಹದಿಂದ ಬೆಳೆದ ಸರತಿಯ ಗಣಿತ ತಿಂಡಿ ಗಾಡಿಗೂ ಅನ್ವಯಿಸುತ್ತದೆ. ಗಿರಾಕಿಗಳು ಹೊತ್ತುಗೊತ್ತಿಲ್ಲದೆ ಬರುವ, ಒಬ್ಬರೇ ಬಡಿಸುವ ಸರಳ ಮಾದರಿಯಲ್ಲಿ, ಸಾಮರ್ಥ್ಯದ ನೂರಕ್ಕೆ 80ರಷ್ಟು ಜನ ಬಂದರೆ ಅಂಗಡಿಯ ಮುಂದೆ ಸರಾಸರಿ 4 ಮಂದಿ ಇರುತ್ತಾರೆ. 90ಕ್ಕೆ ಏರಿದರೆ 9 ಮಂದಿ. 95ಕ್ಕೆ ಏರಿದರೆ 19 ಮಂದಿ. ಬರುವವರು ಸ್ವಲ್ಪವೇ ಹೆಚ್ಚಿದರೂ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ, ಅದನ್ನು ದೂರದಿಂದ ನೋಡಿದವನು ಹತ್ತಿರ ಬರದೆಯೇ ಮುಂದೆ ಹೋಗುತ್ತಾನೆ. ಅವನು ಯಾವ ಲೆಕ್ಕದ ಪುಸ್ತಕದಲ್ಲಿಯೂ ನಷ್ಟವೆಂದು ದಾಖಲಾಗುವುದಿಲ್ಲ.

ಆದ್ದರಿಂದ ನೋಡಲು ನಿಂತವರು ಎಣಿಸಬೇಕಾದದ್ದು ಕೊಂಡವರನ್ನು ಮಾತ್ರವಲ್ಲ, ಸಾಲನ್ನು ನೋಡಿ ಹೆಜ್ಜೆ ಬದಲಿಸಿದವರನ್ನೂ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸಣ್ಣ ಸೂತ್ರವೂ ಇಲ್ಲಿ ಕೈಗೆ ಬರುತ್ತದೆ: ನಿಂತಿರುವವರ ಸಂಖ್ಯೆಯನ್ನು ಜನ ಕರಗುವ ವೇಗದಿಂದ ಭಾಗಿಸಿದರೆ ಕಾಯುವ ಸಮಯ ಸಿಗುತ್ತದೆ. ಸಾಲಿನಲ್ಲಿ 12 ಮಂದಿ ಇದ್ದು, 40 ಸೆಕೆಂಡಿಗೆ ಒಬ್ಬರಂತೆ ಹೊರಡುತ್ತಿದ್ದರೆ ಕೊನೆಯವರು 8 ನಿಮಿಷ ಕಾಯುತ್ತಾರೆ. ಯಾರನ್ನೂ ಏನನ್ನೂ ಕೇಳದೆ ಇಷ್ಟು ತಿಳಿಯಿತು. ಅನುಭವಸ್ಥರು ಇದನ್ನು ಒಪ್ಪುತ್ತಾರೋ ಇಲ್ಲವೋ ತಿಳಿಯುವ ಆಸೆಯಿದೆ.

ಒಲೆಯೆದುರು

ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ನಿಧಾನವಾದ ಹಂತ ಯಾವುದೆಂದು ಹೊರಗಿನಿಂದ ಊಹಿಸುವವರು ಬಹುತೇಕ ಒಲೆಯನ್ನೋ ಯಂತ್ರವನ್ನೋ ತೋರಿಸುತ್ತಾರೆ. ಗಾಡಿ ನಡೆಸುವ ನನಗೆ ಕಂಡಂತೆ ಅದು ಹಲವು ಬಾರಿ ಒಲೆಯಿಂದ ಮೂರಡಿ ಆಚೆ ಇರುತ್ತದೆ.

ಕಾಗದದ ಲೋಟಗಳ ಮುಚ್ಚಳವನ್ನು ನೋಡಿ. ಒಂದರೊಳಗೊಂದು ಕಚ್ಚಿಕೊಂಡ ಅಡಕು ಅದು. ಬೆರಳು ಒದ್ದೆಯಾಗಿರುವಾಗ ಎರಡು ಒಟ್ಟಿಗೆ ಬರುತ್ತವೆ, ಉಗುರಿನಿಂದ ಬಿಡಿಸಬೇಕು, ಅಂಚನ್ನು ಸುತ್ತಲೂ ಒತ್ತಬೇಕು, ಒಂದು ಕಡೆ ಸರಿಯಾಗಿ ಕೂರದಿದ್ದರೆ ಗಿರಾಕಿಯ ಬಟ್ಟೆಯ ಮೇಲೆ ಚೆಲ್ಲುತ್ತದೆ. ಪಾನೀಯ ಸುರಿಯುವುದಕ್ಕಿಂತ ಹೆಚ್ಚಿನ ಹೊತ್ತು ಇದಕ್ಕೇ ಹೋಗುವುದುಂಟು. ನಮ್ಮಲ್ಲಿ ದಟ್ಟಣೆಗೆ ಮುಂಚೆಯೇ ಮುಚ್ಚಳಗಳನ್ನು ಒಂದೊಂದಾಗಿ ಬಿಡಿಸಿ ಸಡಿಲವಾಗಿ ಪೇರಿಸಿಡುವುದನ್ನು ರೂಢಿ ಮಾಡಿದ ಮೇಲೆ ಸಾಲು ಕಣ್ಣಿಗೆ ಕಾಣುವಷ್ಟು ಚುರುಕಾಯಿತು, ಅದೂ ಒಂದು ಕಾಸಿನ ಬಂಡವಾಳವಿಲ್ಲದೆ.

ಹಣ ಪಾವತಿಯೂ ಹಾಗೆಯೇ. ಗಿರಾಕಿ ಮೊಬೈಲ್ ತೆಗೆದು, ಸಂಕೇತವನ್ನು ಸ್ಕ್ಯಾನ್ ಮಾಡಿ, ಗುಪ್ತಸಂಖ್ಯೆ ಒತ್ತಿ, ನೆಟ್‌ವರ್ಕ್ ಸಿಗುವವರೆಗೆ ಕಾದು, ಕೊನೆಗೆ ಪರದೆಯನ್ನು ನಮ್ಮತ್ತ ತಿರುಗಿಸುತ್ತಾರೆ. ಅದನ್ನು ನೋಡಲು ಒಲೆಯ ಮೇಲಿನ ಕಣ್ಣನ್ನು ನಾವು ತೆಗೆಯಬೇಕು. ಹಣ ಬಂದದ್ದನ್ನು ಗಟ್ಟಿಯಾಗಿ ಹೇಳುವ ಪುಟ್ಟ ಪೆಟ್ಟಿಗೆಯ ಬೆಲೆ ಇರುವುದು ಈ ಕಣ್ಣನ್ನು ಉಳಿಸುವುದರಲ್ಲಿ. ಮೊದಲು ಹಣ, ಆಮೇಲೆ ತಿಂಡಿ ಎಂಬ ಕ್ರಮಕ್ಕೆ ಬದಲಾಯಿಸಿದರೆ ಪಾವತಿಯ ಹೊತ್ತು ಅಡುಗೆಯ ಹೊತ್ತಿನೊಳಗೆ ಅಡಗಿಹೋಗುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ಒಂದು ಅಡ್ಡಿಯನ್ನು ತೆಗೆದ ಮರುದಿನವೇ ಮತ್ತೊಂದು ತಲೆ ಎತ್ತುತ್ತದೆ. ಮುಚ್ಚಳ ಸರಿಹೋದ ಮೇಲೆ ನಮ್ಮ ಕಷ್ಟ ಪಾತ್ರೆ ತೊಳೆಯುವ ಕಡೆಗೆ ಹೋಯಿತು.

ಜಮಾಖರ್ಚು

ಲೆಕ್ಕ ಬರೆಯುವವನ ದೃಷ್ಟಿಯಿಂದ ಎರಡು ಮಾತು ಸೇರಿಸುತ್ತೇನೆ.

ಒಂದು ತಟ್ಟೆಯ ಮೇಲೆ ಉಳಿಯುವುದೆಷ್ಟು ಎಂಬ ಪ್ರಶ್ನೆಯನ್ನು ಬಿಡಬೇಕಾಗಿಲ್ಲ, ಅದಕ್ಕೆ ಸಮಯವನ್ನು ಸೇರಿಸಿದರೆ ಸಾಕು. ಮಾರಾಟ ಬೆಲೆ 100 ಇರುವ ಒಂದು ತಿನಿಸಿಗೆ ಕಚ್ಚಾ ಪದಾರ್ಥದ ಖರ್ಚು 30 ಆಗಿ 70 ಉಳಿಯುತ್ತದೆ, ಆದರೆ ಅದು ನಿಧಾನವಾದ ಹಂತದಲ್ಲಿ 90 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಬೆಲೆ 60 ಇರುವ ಇನ್ನೊಂದಕ್ಕೆ ಖರ್ಚು 24, ಉಳಿಯುವುದು 36, ಹಿಡಿಯುವ ಹೊತ್ತು 30 ಸೆಕೆಂಡು. ಮೇಲ್ನೋಟಕ್ಕೆ ಮೊದಲನೆಯದೇ ಲಾಭದ ತಿನಿಸು. ನಿಮಿಷಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 47 ತರುತ್ತದೆ, ಎರಡನೆಯದು 72. ಸಾಲು ಇರುವಾಗ ಎರಡನೆಯದನ್ನು ಮುಂದಿಡಬೇಕು. ಸಾಲು ಕರಗಿ ಕೈಗಳು ಬಿಡುವಾದಾಗ ಮೊದಲನೆಯದನ್ನು. ಒಂದೇ ಫಲಕವನ್ನು ಬೆಳಗಿನಿಂದ ರಾತ್ರಿಯವರೆಗೆ ತೂಗುಹಾಕುವವರು ಈ ವ್ಯತ್ಯಾಸವನ್ನು ಕೈಬಿಡುತ್ತಾರೆ.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಸವಾನಾ ಮತ್ತು ಸ್ಮಿತ್ 1982ರಲ್ಲಿ ರೂಪಿಸಿದ ಪ್ರಸಿದ್ಧ ವಿಧಾನ, ತಿನಿಸುಗಳನ್ನು ಎಷ್ಟು ಮಾರಾಟವಾಗುತ್ತವೆ ಮತ್ತು ಎಷ್ಟು ಉಳಿಸುತ್ತವೆ ಎಂಬ ಎರಡು ಅಳತೆಗಳಿಂದ ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತದೆ. ಉತ್ತಮ ವಿಧಾನವೇ, ಆದರೆ ಅದರ ಎರಡು ಅಳತೆಗಳಲ್ಲಿ ಸಮಯವಿಲ್ಲ. ಒಬ್ಬಿಬ್ಬರೇ ಕೆಲಸ ಮಾಡುವ ಗಾಡಿಗೆ ಅದನ್ನು ಹಾಗೆಯೇ ತಂದರೆ ತಪ್ಪು ತಿನಿಸಿಗೆ ಮಣೆ ಹಾಕಿದಂತಾಗುತ್ತದೆ.

ಎರಡನೆಯ ಮಾತು ಸ್ಥಿರ ವೆಚ್ಚದ್ದು. ಈ ವೃತ್ತಿಯಲ್ಲಿ ರೂಢಿಯಲ್ಲಿರುವ ಅಂದಾಜಿನಂತೆ ಮಾರಾಟದ ನೂರರಲ್ಲಿ 30ರ ಆಸುಪಾಸು ಪದಾರ್ಥಕ್ಕೆ ಮತ್ತು ಅಷ್ಟೇ ಸಂಬಳಕ್ಕೆ ಹೋಗುತ್ತದೆ; ಬಾಡಿಗೆ 10ನ್ನು ದಾಟಬಾರದು. ಇಂಧನ, ವಿದ್ಯುತ್ತು, ರಿಪೇರಿ, ತೆರಿಗೆ, ಪೊಟ್ಟಣಗಳೆಲ್ಲ ಕಳೆದು 10 ಉಳಿದರೆ ಆ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ ಎನ್ನಬೇಕು. ಈಗ ಮಾರಾಟ 100ರಿಂದ 90ಕ್ಕೆ ಇಳಿಯಿತು ಎನ್ನೋಣ. ಪದಾರ್ಥದಲ್ಲಿ 3 ಉಳಿಯುತ್ತದೆ. ಉಳಿದ ಖರ್ಚುಗಳು ಬಹುಮಟ್ಟಿಗೆ ಅಲ್ಲಾಡುವುದಿಲ್ಲ. 10 ಇದ್ದ ಲಾಭ 3ಕ್ಕೆ ಬಂತು. ಹಾಗೆಯೇ ಮಾರಾಟ 110ಕ್ಕೆ ಏರಿದರೆ ಲಾಭ 17. ಸಾಲನ್ನು ನೋಡಿ ಹೆಜ್ಜೆ ಬದಲಿಸಿದವನ ಬೆಲೆ ಇಲ್ಲಿ ಗೊತ್ತಾಗುತ್ತದೆ: ಅವನು ಕೊಡಬೇಕಿದ್ದ ನೂರರಲ್ಲಿ 10 ಅಲ್ಲ, 70 ನಮ್ಮ ಲಾಭದಿಂದಲೇ ಹೋಗುತ್ತದೆ.

ಮಾಲೀಕನು ತನ್ನ ದುಡಿಮೆಗೆ ಸಂಬಳ ಬರೆದುಕೊಳ್ಳದೆ ಉಳಿದದ್ದನ್ನೆಲ್ಲ ಲಾಭವೆಂದು ಕರೆಯುವ ಅಭ್ಯಾಸವನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡಬೇಕೋ ಅಷ್ಟನ್ನು ಮೊದಲು ಖರ್ಚಿಗೆ ಹಾಕಿ, ಆಮೇಲೆ ಏನಾದರೂ ಉಳಿಯುತ್ತದೆಯೇ ನೋಡಬೇಕು. ಉಳಿಯದಿದ್ದರೆ ಅದು ಉದ್ಯಮವಲ್ಲ, ಮುಂಗಡ ಕೊಟ್ಟು ಕೊಂಡುಕೊಂಡ ನೌಕರಿ.

ನಾಲಿಗೆಯ ಸಾಕ್ಷಿ

ಕ್ಷಮಿಸಿ, ಇಲ್ಲಿ ಎಲ್ಲರೂ ಗಡಿಯಾರ ಹಿಡಿದು ಮಾತನಾಡುತ್ತಿದ್ದೀರಿ. ಬಾಯಿಗಿಟ್ಟುಕೊಂಡಾಗ ಏನಾಗುತ್ತದೆ ಎಂಬುದನ್ನು ಯಾರೂ ಹೇಳುತ್ತಿಲ್ಲ. ಜನ ಸಾಲು ನಿಲ್ಲುವುದೇ ರುಚಿಗಾಗಿ. ವೇಗದ ಹಿಂದೆ ಬಿದ್ದು ರುಚಿ ಕೆಡಿಸಿಕೊಂಡ ಅಂಗಡಿಗಳ ಮುಂದೆ ಆಮೇಲೆ ಸಾಲೇ ಇರುವುದಿಲ್ಲ.

ಕರಿಯುವ ಅಂಗಡಿಗಳಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಎಣ್ಣೆ 170-180 ಡಿಗ್ರಿಯಲ್ಲಿರುವಾಗ ತಿನಿಸನ್ನು ಬಿಟ್ಟರೆ ಅದರ ಸುತ್ತ ಗುಳ್ಳೆಗಳು ರಭಸದಿಂದ ಏಳುತ್ತವೆ, ಒಳಗಿನ ತೇವ ಆವಿಯಾಗಿ ಹೊರನುಗ್ಗುತ್ತದೆ, ಹೊರಮೈ ಬೇಗ ಗಟ್ಟಿಯಾಗುತ್ತದೆ. ಸಾಲು ಬೆಳೆಯಿತೆಂದು ಬಾಣಲೆಯ ತುಂಬ ತಣ್ಣಗಿನ ತುಂಡುಗಳನ್ನು ಸುರಿದಾಗ ಗುಳ್ಳೆಗಳ ಸದ್ದು ಒಮ್ಮೆಲೇ ಕುಗ್ಗುವುದನ್ನು ಕೇಳಿಸಿಕೊಳ್ಳಿ. ಎಣ್ಣೆ ತಣಿದಿದೆ, ಹೊರಮೈ ಕಟ್ಟುವುದು ತಡವಾಗುತ್ತದೆ, ಬೇಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಕೊನೆಗೆ ಮೆತ್ತಗಿನ, ಎಣ್ಣೆ ಜಿನುಗುವ ತಿನಿಸು ಕೈಗೆ ಬರುತ್ತದೆ. ಬಡಿಸುವವನು ಎರಡು ನಿಮಿಷ ಉಳಿಸಿದೆನೆಂದು ತಿಳಿದ, ತಿನ್ನುವವನು ಇನ್ನೊಮ್ಮೆ ಬರುವುದಿಲ್ಲವೆಂದು ನಿರ್ಧರಿಸಿದ.

ಗಲ್ಲಾಪೆಟ್ಟಿಗೆ

ನೀವು ಹೇಳಿದ್ದು ನನ್ನ ವಾದಕ್ಕೆ ವಿರುದ್ಧವಲ್ಲ, ಅದರ ಅತ್ಯುತ್ತಮ ಉದಾಹರಣೆ. ಆ ಬಾಣಲೆಯ ಸಾಮರ್ಥ್ಯವನ್ನು ನಿರ್ಧರಿಸುವುದು ಅದರ ಅಗಲವಲ್ಲ, ತಣಿದ ಎಣ್ಣೆ ಮತ್ತೆ ಕಾಯಲು ಹಿಡಿಯುವ ಹೊತ್ತು. ದೊಡ್ಡ ಬಾಣಲೆ ಕೊಂಡು ಹಳೆಯ ಬರ್ನರನ್ನೇ ಉಳಿಸಿಕೊಂಡವರು ಹಣವನ್ನು ತಪ್ಪು ಜಾಗದಲ್ಲಿ ಹಾಕಿದ್ದಾರೆ. ಉಪಕರಣ ಕೊಳ್ಳುವಾಗ ಎಷ್ಟು ಲೀಟರ್ ಹಿಡಿಸುತ್ತದೆ ಎಂಬುದಕ್ಕಿಂತ, ತುಂಬ ತಣ್ಣಗಿನ ಪದಾರ್ಥ ಹಾಕಿದ ಮೇಲೆ ಎಷ್ಟು ಬೇಗ ಮೊದಲಿನ ಶಾಖಕ್ಕೆ ಮರಳುತ್ತದೆ ಎಂದು ಕೇಳಬೇಕು. ರುಚಿ ಕೆಡದಂತೆ ಕೊಡಬಹುದಾದ ಸಂಖ್ಯೆಯನ್ನೇ ನಾನು ಮಿತಿ ಎಂದು ಕರೆಯುತ್ತಿರುವುದು.

ರುಚಿಯನ್ನೂ ವೇಗವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಇರುವ ನೇರ ದಾರಿ ತಿನಿಸುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು. ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಚೆನ್ನಾಗಿ ನಡೆಯುತ್ತಿದ್ದ ತಮ್ಮ ಅಂಗಡಿಯನ್ನೇ ಕೆಲವು ತಿಂಗಳು ಮುಚ್ಚಿ, 25ರಷ್ಟಿದ್ದ ತಿನಿಸುಗಳನ್ನು 9ಕ್ಕೆ ಇಳಿಸಿ, ಅಡುಗೆಮನೆಯನ್ನು ಹೊಸದಾಗಿ ಜೋಡಿಸಿ ಮತ್ತೆ ತೆರೆದರು. ಕೆಲವು ವರ್ಷಗಳ ಬಳಿಕ ಹೊಸ ಕಟ್ಟಡವನ್ನು ಯೋಜಿಸುವಾಗ ಅದರ ಅಡುಗೆಮನೆಯ ನಕ್ಷೆಯನ್ನು ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಬರೆದು, ಕೆಲಸಗಾರರನ್ನು ಅದರೊಳಗೆ ಓಡಾಡಿಸಿ, ಯಾರು ಯಾರಿಗೆ ಅಡ್ಡ ಬರುತ್ತಾರೆಂದು ನೋಡಿದರು. ಅವರ ಹೆಸರಿನಲ್ಲಿ ಆಮೇಲೆ ಬೆಳೆದ ಸಾಮ್ರಾಜ್ಯ ನಮ್ಮ ವಿಷಯವಲ್ಲ. ಆ ಸೀಮೆಸುಣ್ಣದ ಗೆರೆಗಳು ಮಾತ್ರ ಯಾವ ಗಾಡಿಯವರಿಗೂ ಎಟುಕುವಂಥವು.

ಒಂದು ತಿನಿಸನ್ನು ಹೆಚ್ಚಿಸಿದರೆ ಹೆಚ್ಚುವುದು ಕೇವಲ ಪದಾರ್ಥದ ದಾಸ್ತಾನಲ್ಲ. ಫಲಕದ ಮುಂದೆ ನಿಂತು ಓದಿ ತೀರ್ಮಾನಿಸುವ ಹೊತ್ತು ಹೆಚ್ಚುತ್ತದೆ, ಖರ್ಚಾಗದೆ ಉಳಿಯುವ ಸಂಭವ ಹೆಚ್ಚುತ್ತದೆ, ಹೊಸ ಕೆಲಸಗಾರ ಕಲಿಯಬೇಕಾದದ್ದು ಹೆಚ್ಚುತ್ತದೆ.

ಹೊಸ ಹೆಜ್ಜೆ

ನಾನು ತೆರೆಯಬೇಕೆಂದಿರುವುದು ಕುಳಿತುಕೊಳ್ಳುವ ಜಾಗವಿರುವ ಕೆಫೆ. ಒಂದು ಲೋಟ ಕೊಂಡು ಲ್ಯಾಪ್‌ಟಾಪ್ ತೆರೆದು ಅರ್ಧ ದಿನ ಕೂರುವವರನ್ನು ಏನು ಮಾಡಬೇಕು? ಎಬ್ಬಿಸಿದರೆ ಹೆಸರು ಕೆಡುತ್ತದೆ, ಬಿಟ್ಟರೆ ಕುರ್ಚಿ ದುಡಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಜಮಾಖರ್ಚು

ಕುರ್ಚಿಗೂ ಅದೇ ಲೆಕ್ಕ. 16 ಕುರ್ಚಿಗಳಿದ್ದು, ಒಬ್ಬರು ಸರಾಸರಿ 40 ನಿಮಿಷ ಕೂತರೆ ಗಂಟೆಗೆ 24 ಮಂದಿ ಕೂರಬಹುದು. 90 ನಿಮಿಷ ಕೂತರೆ 10 ಅಥವಾ 11 ಮಂದಿ. ದಟ್ಟಣೆಯಲ್ಲಿ ಈ ಅಂತರ ನಿಮ್ಮನ್ನು ಮುಳುಗಿಸಬಲ್ಲದು. ಆದರೆ ಬಿಡುವಿನ ಹೊತ್ತಿನಲ್ಲಿ ಕೂತವರಿಂದ ನಿಮಗೆ ಕಾಸಿನ ನಷ್ಟವೂ ಇಲ್ಲ. ಪೂರ್ತಿ ಖಾಲಿ ಇರುವ ಕೆಫೆಯೊಳಗೆ ಕಾಲಿಡಲು ಹೊಸಬರು ಅಳುಕುತ್ತಾರೆ. ಕಿಟಕಿಯ ಬಳಿ ಕೂತು ಬರೆಯುತ್ತಿರುವವರು ಸಂಬಳವಿಲ್ಲದ ಜಾಹೀರಾತು. ನಿಯಮವನ್ನು ಮನುಷ್ಯರ ಮೇಲೆ ಹೇರದೆ ಹೊತ್ತಿನ ಮೇಲೆ ಹೇರಿ: ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಈ ಮೇಜುಗಳು ಊಟ ಮಾಡುವವರಿಗೆ ಎಂದು ಮೊದಲೇ ಬರೆದಿಟ್ಟರೆ ಯಾರನ್ನೂ ಎಬ್ಬಿಸುವ ಪ್ರಮೇಯ ಬರುವುದಿಲ್ಲ. ಗೋಡೆಗೆ ತಾಗಿದ ಎತ್ತರದ ಹಲಗೆಯೊಂದನ್ನು ಹಾಕಿ, ನಿಂತು ಕುಡಿಯುವವರಿಗೆ ಜಾಗ ಮಾಡಿದರೆ ಕುರ್ಚಿಯ ಮೇಲಿನ ಒತ್ತಡ ಇನ್ನೂ ಇಳಿಯುತ್ತದೆ.

ಗಲ್ಲಾಪೆಟ್ಟಿಗೆ

ಇದಕ್ಕೆ ಒಂದು ಹಳೆಯ ಕಥೆಯನ್ನು ಸೇರಿಸದೆ ಇರಲಾರೆ, ವಿಷಯಾಂತರವೆನಿಸಿದರೆ ಬಿಟ್ಟು ಮುಂದೆ ಓದಿ. ಲಂಡನ್ನಿನ ಮೊದಲ ಕಾಫಿ ಅಂಗಡಿ 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತನದು. 1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ತೆರೆದ ಕಾಫಿ ಅಂಗಡಿಗೆ ನಾವಿಕರು, ಹಡಗಿನ ಮಾಲೀಕರು, ವರ್ತಕರು ಬಂದು ದೀರ್ಘಕಾಲ ಕೂರುತ್ತಿದ್ದರು. ಲಾಯ್ಡ್ ಅವರನ್ನು ಎಬ್ಬಿಸಲಿಲ್ಲ. ಅವರಿಗೆ ಬೇಕಾದ ಹಡಗುಗಳ ಸುದ್ದಿಯನ್ನು ಒದಗಿಸಿ ಇನ್ನಷ್ಟು ಹೊತ್ತು ಕೂರಿಸಿದ. ಆ ಮೇಜುಗಳ ಸುತ್ತ ಬೆಳೆದ ವಿಮಾ ವ್ಯವಹಾರ ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ. ಉದ್ಯಮಿಯ ಕಣ್ಣಿಗೆ ಇಲ್ಲಿ ಕಾಣಬೇಕಾದದ್ದು, ಕೂತವರಿಗೆ ಆ ಮೇಜು ಏತಕ್ಕೆ ಬೇಕಾಗಿದೆ ಎಂಬುದು. ಕೆಲಸ ಮಾಡಲು ಕೂರುವವರಿಗೆ ಬೇಕಾದದ್ದು ಕಾಫಿಯಲ್ಲ, ವಿದ್ಯುತ್ತಿನ ಪ್ಲಗ್ಗು ಮತ್ತು ಸದ್ದಿಲ್ಲದ ಮೂಲೆ. ಅದನ್ನು ಗಂಟೆಯ ಲೆಕ್ಕದಲ್ಲಿ ಬಹಿರಂಗವಾಗಿಯೇ ಮಾರುವುದು ಕಾಫಿಯ ಬೆಲೆಯೊಳಗೆ ಬಚ್ಚಿಡುವುದಕ್ಕಿಂತ ನ್ಯಾಯಯುತ.

ಸಾಲಿನಲ್ಲಿ ನಿಂತವ

ಜಾಗದ ಆಯ್ಕೆಯ ಬಗ್ಗೆ ಯಾರೂ ಬರೆದಿಲ್ಲವಲ್ಲ. ಈಗಾಗಲೇ ಹತ್ತು ಗಾಡಿಗಳಿರುವ ಕಡೆ ಹನ್ನೊಂದನೆಯದನ್ನು ಇಡುವುದು ಮೂರ್ಖತನವೆಂದು ಹಲವರು ಹೇಳುತ್ತಾರೆ. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ತೋರಿಸಿದ್ದು ಬೇರೆಯೇ: ಒಂದು ಉದ್ದದ ಬೀದಿಯಲ್ಲಿ ಒಂದೇ ಬಗೆಯ ಸರಕು ಮಾರುವ ಇಬ್ಬರು ಪರಸ್ಪರರ ಗಿರಾಕಿಗಳನ್ನು ಸೆಳೆಯುತ್ತಾ ಸೆಳೆಯುತ್ತಾ ಪಕ್ಕಪಕ್ಕಕ್ಕೇ ಬಂದು ನಿಲ್ಲುತ್ತಾರೆ. ತಿಂಡಿಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ನಾಲ್ವರು ಗೆಳೆಯರಿಗೆ ನಾಲ್ಕು ಬಗೆ ಬೇಕಾದಾಗ ಅವರು ಒಂಟಿ ಗಾಡಿಗೆ ಹೋಗುವುದಿಲ್ಲ, ಗಾಡಿಗಳ ಸಾಲಿಗೆ ಹೋಗುತ್ತಾರೆ.

ಸಿಂಗಪುರದ ಹಾಕರ್ ಕೇಂದ್ರಗಳು ಇದರ ಪೂರ್ಣ ರೂಪ. ಬೀದಿ ವ್ಯಾಪಾರಿಗಳನ್ನು ಅಲ್ಲಿನ ಸರ್ಕಾರ 1970ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಲ್ಲಿ, ಚರಂಡಿ, ಸೂರು ಇರುವ ಕೇಂದ್ರಗಳಿಗೆ ಸ್ಥಳಾಂತರಿಸಿತು. 2020ರಲ್ಲಿ ಆ ಹಾಕರ್ ಸಂಸ್ಕೃತಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಕುರ್ಚಿ, ಮೇಜು ಎಲ್ಲರಿಗೂ ಸಾಮಾನ್ಯವಾಗಿರುವುದರಿಂದ ಒಬ್ಬೊಬ್ಬರ ಬಂಡವಾಳ ಅಷ್ಟರಮಟ್ಟಿಗೆ ಇಳಿಯುತ್ತದೆ. ಇಂಥ ಕಡೆ ಒಂದೆರಡೇ ತಿನಿಸುಗಳಲ್ಲಿ ಪಳಗುವುದು ಸಾಧ್ಯವಾಗುತ್ತದೆ, ಏಕೆಂದರೆ ಬಗೆಬಗೆಯನ್ನು ಒದಗಿಸುವ ಹೊಣೆ ನೆರೆಯವರದು.

ಒಲೆಯೆದುರು

ಸರಿ, ಆದರೆ ಪಕ್ಕದವರು ಮಾರುವುದನ್ನೇ ನೀವೂ ಮಾರಿದರೆ ಉಳಿಯುವುದು ಬೆಲೆ ಇಳಿಸುವ ಪೈಪೋಟಿ ಮಾತ್ರ. ಅದರಲ್ಲಿ ಗೆಲ್ಲುವವರು ಯಾರೂ ಇಲ್ಲ.

ಮೊದಲೇ ಮಾಡಿಟ್ಟುಕೊಳ್ಳುವ ವಿಷಯವನ್ನೂ ಹೇಳಬೇಕು, ಏಕೆಂದರೆ ವೇಗ ಬೇಕೆಂದವರು ಮೊದಲು ಕೈಹಾಕುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಸರಳವಾಗಿದೆ: ಬೇಯಿಸಿದ ಆಹಾರವನ್ನು 60 ಡಿಗ್ರಿಗಿಂತ ಮೇಲೆ ಅಥವಾ 5 ಡಿಗ್ರಿಗಿಂತ ಕೆಳಗೆ ಇಡಬೇಕು, ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು. ಇದನ್ನು ಆರೋಗ್ಯಾಧಿಕಾರಿಯ ಭಯದಿಂದ ಪಾಲಿಸುವವರಿದ್ದಾರೆ, ಆದರೆ ಇದು ಉತ್ಪಾದನೆಯ ಯೋಜನೆಯೂ ಹೌದು. ಬಿಸಿಯಾಗಿ ಹಿಡಿದಿಡುವ ಪಾತ್ರೆ ಇಲ್ಲದವರು ಒಂದು ಬಾರಿಗೆ ಎಷ್ಟು ಮಾಡಬೇಕೆಂದರೆ 2 ಗಂಟೆಯೊಳಗೆ ಖಂಡಿತ ಖರ್ಚಾಗುವಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಮಾಡಿದರೆ ಒಂದೋ ಎಸೆಯಬೇಕು, ಇಲ್ಲವೇ ಕೊಡಬಾರದ್ದನ್ನು ಕೊಡಬೇಕು. ಸಂಜೆ ಎಸೆದದ್ದನ್ನು ತೂಕ ಮಾಡಿ ಬರೆದಿಡುವ ಪುಟ್ಟ ಪುಸ್ತಕವೊಂದು ತಕ್ಕಡಿಯ ಪಕ್ಕದಲ್ಲೇ ಇರಲಿ. ವಾರದ ಯಾವ ದಿನ ಎಷ್ಟು ಮಾಡಬೇಕು ಎಂಬ ಅಂದಾಜು ಕೆಲವೇ ವಾರಗಳಲ್ಲಿ ಅದರಿಂದಲೇ ಸಿಗುತ್ತದೆ.

ಹೊಸ ಹೆಜ್ಜೆ

ಮನೆಗೆ ತಲುಪಿಸುವ ಆ್ಯಪ್‌ಗಳಿಗೆ ಸೇರುವುದು ಲಾಭವೇ? ಹತ್ತರಲ್ಲಿ ಒಂಬತ್ತು ಹೊಸ ಹೋಟೆಲುಗಳು ಮೊದಲ ವರ್ಷವೇ ಮುಚ್ಚುತ್ತವೆ ಎಂದು ಎಲ್ಲರೂ ಹೆದರಿಸುತ್ತಿರುವುದರಿಂದ, ಬರುವ ಗಿರಾಕಿಯನ್ನು ಯಾವ ದಾರಿಯಿಂದಲೂ ಬಿಡಬಾರದು ಅನಿಸುತ್ತಿದೆ.

ಜಮಾಖರ್ಚು

ಆ ಹತ್ತರಲ್ಲಿ ಒಂಬತ್ತು ಎಂಬ ಮಾತು ಬಾಯಿಂದ ಬಾಯಿಗೆ ಬಂದದ್ದು. ಅಮೆರಿಕದ ಒಹಾಯೊದ ಕೊಲಂಬಸ್ ನಗರದ ದಾಖಲೆಗಳನ್ನು ಇಟ್ಟುಕೊಂಡು ಪಾರ್ಸಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವರ್ಷ ಮುಚ್ಚಿದವು ನೂರಕ್ಕೆ 26ರಷ್ಟು, ಮೂರು ವರ್ಷಗಳಲ್ಲಿ 60ರಷ್ಟು. ಧೈರ್ಯ ತುಂಬುವ ಅಂಕಿಯೇನಲ್ಲ, ಆದರೆ 90 ಅಲ್ಲ. ಅದೇ ಅಧ್ಯಯನದಲ್ಲಿ ಮಾಲೀಕರನ್ನು ಮಾತನಾಡಿಸಿದಾಗ, ಮುಚ್ಚಲು ಕಾರಣವಾಗಿ ಮುಂದೆ ಬಂದವುಗಳಲ್ಲಿ ಸಂಸಾರಕ್ಕೆ ಸಮಯ ಕೊಡಲಾಗದ ಸ್ಥಿತಿಯೂ ಒಂದು. ಲೆಕ್ಕದ ಪುಸ್ತಕ ಸರಿಯಿದ್ದೂ ಅಂಗಡಿ ಮುಚ್ಚಬಹುದು ಎಂದಾಯಿತು. ಮಾಲೀಕನ ಸಂಬಳವನ್ನು ಖರ್ಚಿಗೆ ಬರೆಯಿರಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇದೂ ಕಾರಣ. ಆ ಹಣವಿದ್ದರೆ ವಾರಕ್ಕೊಂದು ದಿನ ಬದಲಿ ಆಳನ್ನು ಇಡಬಹುದು.

ಆ್ಯಪ್‌ಗಳ ವಿಷಯಕ್ಕೆ ಬಂದರೆ, ಅವು ಕಮಿಷನ್ ತೆಗೆದುಕೊಳ್ಳುವುದು ಮಾರಾಟದ ಮೇಲೆ, ಲಾಭದ ಮೇಲಲ್ಲ. ಕಮಿಷನ್ ನೂರಕ್ಕೆ 20, ಪೊಟ್ಟಣಕ್ಕೆ 5 ಎಂದು ಇಟ್ಟುಕೊಂಡರೆ, ಎದುರಿಗೆ ಮಾರಿದಾಗ 70 ಉಳಿಯುತ್ತಿದ್ದ ತಿನಿಸಿಗೆ ಈಗ 45 ಉಳಿಯುತ್ತದೆ. ಕೈಗಳು ಬಿಡುವಾಗಿರುವ ಹೊತ್ತಿನಲ್ಲಿ ಆ 45 ಬಂದದ್ದೇ ಲಾಭ. ಸಾಲು ನಿಂತಿರುವಾಗ ಅದೇ ಒಲೆಯ ಅದೇ ನಿಮಿಷಗಳನ್ನು 70 ಕೊಡುವವನಿಂದ ಕಿತ್ತು 45 ಕೊಡುವವನಿಗೆ ಕೊಟ್ಟಂತಾಗುತ್ತದೆ, ಮೇಲಾಗಿ ಎದುರಿಗೆ ನಿಂತವನು ಅದನ್ನು ಕಣ್ಣಾರೆ ನೋಡುತ್ತಿರುತ್ತಾನೆ. ಸೇರಿ, ಆದರೆ ದಟ್ಟಣೆಯ ಗಂಟೆಗಳಲ್ಲಿ ಆ ಬಾಗಿಲನ್ನು ಮುಚ್ಚಿಡಿ.

ಹೊಸ ಹೆಜ್ಜೆ

ಧನ್ಯವಾದ. ಒಂದು ಜಾಗ ನೋಡಿಟ್ಟಿದ್ದೇನೆ. ಅಲ್ಲಿ ಮೊದಲಿದ್ದ ತಿಂಡಿ ಅಂಗಡಿಯವರು ಖಾಲಿ ಮಾಡುತ್ತಿದ್ದಾರೆ. ಕರಾರಿಗೆ ಸಹಿ ಹಾಕುವ ಮುನ್ನ ಏನೇನು ನೋಡಲಿ?

ಒಲೆಯೆದುರು

ಅವರು ಏಕೆ ಬಿಡುತ್ತಿದ್ದಾರೆಂದು ಜಾಗದ ಮಾಲೀಕರನ್ನು ಕೇಳಬೇಡಿ, ಪಕ್ಕದ ಅಂಗಡಿಯವರನ್ನು ಕೇಳಿ. ಬೆಳಿಗ್ಗೆ ಜನ ರಸ್ತೆಯ ಯಾವ ಬದಿಯಲ್ಲಿ ನಡೆಯುತ್ತಾರೆ, ಸಂಜೆ ಯಾವ ಬದಿಯಲ್ಲಿ ಎಂದು ಎರಡೂ ಹೊತ್ತು ನಿಂತು ನೋಡಿ. ತಿಂಡಿಗಾಗಿ ರಸ್ತೆ ದಾಟಿ ಬರುವವರು ಕಡಿಮೆ. ಮಳೆ ಬರುವ ದಿನ ಒಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ನಲ್ಲಿಯನ್ನು ತಿರುಗಿಸಿ ನೀರಿನ ರಭಸ ಪರೀಕ್ಷಿಸಿ, ಚರಂಡಿಗೆ ಒಂದು ಬಕೆಟ್ ಸುರಿದು ಎಷ್ಟು ಬೇಗ ಇಳಿಯುತ್ತದೆ ಗಮನಿಸಿ. ಎಸ್‌ಪ್ರೆಸೊ ಯಂತ್ರಕ್ಕೂ ತಂಪುಪೆಟ್ಟಿಗೆಗೂ ಒಟ್ಟಿಗೆ ಎಷ್ಟು ವಿದ್ಯುತ್ ಬೇಕೆಂದು ಕೂಡಿ, ಅಷ್ಟು ಹೊರುವ ಸಂಪರ್ಕ ಅಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ತಿಳಿದುಕೊಳ್ಳಿ. ಹೊಗೆ ಹೋಗುವ ಕೊಳವೆಯನ್ನು ಮೇಲಿನ ಮನೆಯವರ ಕಿಟಕಿಯ ಮುಂದೆ ಎಳೆಯಬೇಕಾಗುತ್ತದೆಯೇ ಎಂಬುದನ್ನೂ ತಲೆ ಎತ್ತಿ ನೋಡಿ.

ಜಮಾಖರ್ಚು

ಕರಾರಿನಲ್ಲಿ ಮೂರು ಸಾಲುಗಳನ್ನು ಹುಡುಕಿ: ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಅವಧಿಗೆ ಮುನ್ನ ಬಿಟ್ಟರೆ ಮುಂಗಡದಲ್ಲಿ ಎಷ್ಟು ಮರಳುತ್ತದೆ, ನೀವು ಹಾಕಿಸಿದ ನಲ್ಲಿ, ತಂತಿ, ಹೊಗೆಕೊಳವೆಗಳು ಬಿಡುವಾಗ ಯಾರಿಗೆ ಸೇರುತ್ತವೆ. ಮೂರನೆಯದು ಬರೆದೇ ಇಲ್ಲದಿದ್ದರೆ ಬರೆಸಿ. ಹಳೆಯ ಅಂಗಡಿ ಖಾಲಿಯಾಗುವ ಮುಂಚೆಯೇ ದಟ್ಟಣೆಯ ಒಂದು ಗಂಟೆ ಅದರ ಎದುರಿಗೆ ನಿಂತು, ಹೊರಡುವವರನ್ನೂ ಹಿಂದೆ ಸರಿಯುವವರನ್ನೂ ಎಣಿಸಿ ಇಲ್ಲಿ ಹಾಕಿದರೆ, ಆ ಬಾಡಿಗೆಯನ್ನು ಆ ಜಾಗ ಹೊರಬಲ್ಲದೇ ಎಂದು ನಾವು ಕೂತು ಲೆಕ್ಕ ಹಾಕಬಹುದು.